ಒಬ್ಬಳೇ ಬಸುರಿ, ಎರಡು ಬಾಟಲಿ ಮೂತ್ರ: ನಂಜಿನ ಒಂದು ಪ್ರಕರಣ

ಆ ಸೋಮವಾರ ಮಧ್ಯಾಹ್ನ ನಾನು ರಿಜಿಸ್ಟರ್‌ನಲ್ಲಿ ‘ಆಲ್ಬುಮಿನ್: ನಿಲ್’ ಅಂತ ಬರೆದೆ, ಅಂದರೆ ಮೂತ್ರದಲ್ಲಿ ಪ್ರೋಟೀನ್ ಇಲ್ಲ ಅಂತ. ಮರುದಿನ ಬೆಳಿಗ್ಗೆ ಅದೇ ಹೆಣ್ಣುಮಗಳ ಮೂತ್ರ ಕಾಯಿಸಿದಾಗ ಟೆಸ್ಟ್ ಟ್ಯೂಬಿನ ಮೇಲ್ಭಾಗ ಹಾಲು ಒಡೆದ ಹಾಗೆ ಬೆಳ್ಳಗೆ ಗಟ್ಟಿಯಾಯಿತು. ನಡುವೆ ಹದಿನೆಂಟು ತಾಸು, ಅಷ್ಟೇ. ಈ ಹದಿನೆಂಟು ತಾಸಿನಲ್ಲಿ ಆಕೆಯ ಕಿಡ್ನಿ ಹೊಸದಾಗಿ ಕೆಟ್ಟಿರಲಿಲ್ಲ. ಮಧ್ಯಾಹ್ನವೇ ಕೆಟ್ಟಿತ್ತು, ಮೂತ್ರದಲ್ಲಿ ಅದ್ದಿ ನೋಡುವ ನನ್ನ ಪಟ್ಟಿಗೆ ಕಾಣಲಿಲ್ಲ. ಯಾಕೆ ಕಾಣಲಿಲ್ಲ ಅನ್ನೋದನ್ನ ಪೂರ್ತಿ ಬರೆದಿಡಬೇಕು ಅಂತ ಅವತ್ತೇ ಅನ್ನಿಸಿತ್ತು.

ನಾನು ರಾಯಚೂರು ಜಿಲ್ಲೆಯಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆ ಕಡೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಬಸುರಿಯರ ರಕ್ತ, ಮೂತ್ರ ನನ್ನ ದಿನದ ಕೆಲಸ. ಬಸುರಿಯಲ್ಲಿ ಬಿಪಿ ಏರಿ, ಮೂತ್ರದಲ್ಲಿ ಪ್ರೋಟೀನ್ ಸೋರುವ ಕಾಯಿಲೆಗೆ ನಮ್ಮ ಕಡೆ ನಂಜು ಅನ್ನುತ್ತಾರೆ. ಆಕೆಯನ್ನೂ ಮನೆಯವರನ್ನೂ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಊರು ಹಾಕಿಲ್ಲ.

ಆಕೆಗೆ 22 ವರ್ಷ, ಚೊಚ್ಚಲ ಬಸುರಿ. ಗಂಡನ ಜೊತೆ ಬೆಂಗಳೂರಿಗೆ ಗುಳೆ ಹೋಗಿದ್ದಳು, ಕಟ್ಟಡದ ಕೆಲಸಕ್ಕೆ. ತಾಯಿ ಕಾರ್ಡ್ ತೆಗೆದು ನೋಡಿದರೆ ಒಂದೇ ಸಾಲು ತುಂಬಿತ್ತು: 12ನೇ ವಾರ, ಬಿಪಿ 104/66, ಮೂತ್ರ ನಾರ್ಮಲ್. ಅದರ ಕೆಳಗಿನ ಮನೆಗಳೆಲ್ಲ ಖಾಲಿ. ಆಕೆ ಹೋದ ಜಾಗದಲ್ಲಿ ಯಾವ ಆಶಾ ಬರುತ್ತಾರೆ, ಯಾವ ಆಸ್ಪತ್ರೆ ಹತ್ತಿರ ಅಂತ ಇಬ್ಬರಿಗೂ ಗೊತ್ತಿರಲಿಲ್ಲ. ಒಂದು ದಿನ ಆಸ್ಪತ್ರೆಗೆ ಹೋದರೆ ಒಂದು ದಿನದ ಕೂಲಿ ಹೋಗುತ್ತದೆ, ಅದನ್ನು ಬೇರೆ ಹೇಳಬೇಕಾ. ಏಳು ತಿಂಗಳಿಗೆ ಕುಬಸ ಮಾಡಲು ತವರಿಗೆ ಕರೆದುಕೊಂಡು ಬಂದರು, ಹಾಗೇ ಇಲ್ಲೇ ಉಳಿದಳು. ಬಂದ ಮೇಲೂ ಮೂರು ವಾರ ಯಾರಿಗೂ ತೋರಿಸಿರಲಿಲ್ಲ.

ಆಸ್ಪತ್ರೆಗೆ ಕರೆತಂದಿದ್ದು ಒಂದು ಕಾಲುಂಗುರ. ಬೆರಳು ಬಾತು ಉಂಗುರ ಚರ್ಮಕ್ಕೆ ಕಚ್ಚಿಕೊಂಡಿತ್ತು, ಅವರವ್ವ ಎಣ್ಣೆ ಸವರಿ, ದಾರ ಸುತ್ತಿ, ಅರ್ಧ ತಾಸು ಕೂತು ಬಿಡಿಸಿದ್ದಳಂತೆ. ಲ್ಯಾಬಿನ ಬೆಂಚಿನ ಮೇಲೆ ಕೂತಾಗ ನಾನೂ ನೋಡಿದೆ. ಎರಡೂ ಕಾಲಿನ ಎರಡನೇ ಬೆರಳಿನಲ್ಲಿ ಉಂಗುರ ಇದ್ದ ಕಡೆ ಬೆಳ್ಳನೆ ಗೆರೆ, ಅದರ ಎರಡೂ ಬದಿಗೆ ಉಬ್ಬಿದ ಚರ್ಮ. “ಬಾವು ಬಂದೈತಿ ಅಂತ ಹದಿನೈದು ದಿನದಿಂದ ಉಪ್ಪು ಬಿಡಿಸೇನ್ರೀ ಮೇಡಂ” ಅಂದಳು ಅವ್ವ. ಪಾಪ, ಆ ಹುಡುಗಿ ಸಪ್ಪನೆ ಪಲ್ಯದ ಜೊತೆ ಜೋಳದ ರೊಟ್ಟಿ ತಿಂದುಕೊಂಡು ಇದ್ದಳು. ಇದನ್ನು ಇಲ್ಲೇ ಹೇಳಿಬಿಡುತ್ತೇನೆ: ಉಪ್ಪು ಬಿಟ್ಟರೆ ಈ ನಂಜು ತಡೆಯುವುದಿಲ್ಲ, ಕಡಿಮೆಯೂ ಆಗುವುದಿಲ್ಲ. ತುಂಬಿದ ಬಸುರಿಗೆ ಕಾಲು ಬಾಯುವುದು ಮಾಮೂಲು, ಬರೀ ಬಾವು ನೋಡಿ ನಂಜು ಅಂತ ಹೇಳುವುದೂ ಈಗ ಇಲ್ಲ. ಆದರೆ ಮುಖ, ಕೈ ತಟ್ಟನೆ ಬಾತರೆ, ಬಳೆ ಉಂಗುರ ಬಿಗಿಯಾದರೆ ಬಿಪಿ ನೋಡಿಸಲೇಬೇಕು. ಅವ್ವ ಉಪ್ಪು ಬಿಡಿಸಿದ್ದಕ್ಕಿಂತ ಆ ಉಂಗುರ ಬಿಚ್ಚಿ ಆಸ್ಪತ್ರೆಗೆ ಕರೆತಂದದ್ದು ದೊಡ್ಡ ಕೆಲಸ.

ಒಪಿಡಿಯಲ್ಲಿ ಬಿಪಿ 146/94. ನಮ್ಮ ಡಾಕ್ಟರ್ ಮೇಡಂ ಆಕೆಯನ್ನು ಸ್ವಲ್ಪ ಹೊತ್ತು ಕೂರಿಸಿ ಮತ್ತೆ ನೋಡಿದರು, ಅಷ್ಟೇ ಇತ್ತು. ಸ್ಕ್ಯಾನ್, ಮೂತ್ರ, ರಕ್ತ ಬರೆದುಕೊಟ್ಟರು. ಆಕೆ ಮೊದಲು ಸ್ಕ್ಯಾನಿಗೆ ಹೋದಳು. ತಪ್ಪಿದ್ದು ಅಲ್ಲಿ. ಸ್ಕ್ಯಾನ್ ಮಾಡುವ ಕಡೆ ಬಸುರಿಯರಿಗೆಲ್ಲ ಒಂದೇ ಮಾತು ಹೇಳುತ್ತಾರೆ, “ನೀರು ಕುಡಿದು, ಒಂದಕ್ಕೆ ತಡಕೊಂಡು ಬನ್ನಿ” ಅಂತ. ಮೊದಲ ತಿಂಗಳುಗಳಿಗೆ ಅದು ಸರಿ. ಎಂಟನೇ ತಿಂಗಳಿಗೆ ಸಾಮಾನ್ಯವಾಗಿ ಅದರ ಅಗತ್ಯವೇ ಇಲ್ಲ. ಆಕೆ ಎರಡು ಬಾಟಲಿ ನೀರು ಕುಡಿದು, ಸ್ಕ್ಯಾನ್ ಮುಗಿಸಿ, ಸೀದಾ ನನ್ನ ಹತ್ತಿರ ಬಂದು ಮೂತ್ರ ಕೊಟ್ಟಳು. ನಾನು ಪಟ್ಟಿ ಅದ್ದಿದೆ, ಅರವತ್ತು ಸೆಕೆಂಡ್ ಕಾದೆ, ಹಳದಿ ಹಳದಿಯಾಗೇ ಉಳಿಯಿತು. ನಿಲ್.

ಬಾಟಲಿಯ ಹಿಂದೆ ರಿಜಿಸ್ಟರ್‌ನ ಗೆರೆ ಕಾಣುವಷ್ಟು ತಿಳಿಯಾಗಿತ್ತು ಆ ಮೂತ್ರ. ನೀರೇ. ಅದನ್ನು ನೋಡಿಯೂ ಪಕ್ಕದಲ್ಲಿ ಒಂದು ಮಾತು ಬರೆಯಲಿಲ್ಲ ನಾನು. ಸರತಿಯಲ್ಲಿ ಇನ್ನೂ ಹದಿನೈದು ಜನ ಇದ್ದರು, ಅದು ನಿಜ, ಆದರೆ ಬರೆಯಲು ಬೇಕಾಗಿದ್ದು ಐದು ಸೆಕೆಂಡ್.

ಪಟ್ಟಿ ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಾದರೆ ಮುಂದಿನದೆಲ್ಲ ಸುಲಭ. ಪಟ್ಟಿಯ ಮೇಲಿನ ಹಳದಿ ಚೌಕದಲ್ಲಿ ಒಂದು ಬಣ್ಣ ಇರುತ್ತದೆ, ಆಲ್ಬುಮಿನ್ ತಾಗಿದರೆ ಹಸಿರಿಗೆ ತಿರುಗುತ್ತದೆ. ಎಷ್ಟು ಹಸಿರು ಅನ್ನೋದರ ಮೇಲೆ ಲೆಕ್ಕ: 100 ಮಿಲಿಲೀಟರ್ ಮೂತ್ರದಲ್ಲಿ ಸುಮಾರು 30 ಮಿಲಿಗ್ರಾಂ ಪ್ರೋಟೀನ್ ಇದ್ದರೆ 1+, 100 ಇದ್ದರೆ 2+, 300 ಇದ್ದರೆ 3+. ಅಂದರೆ ಪಟ್ಟಿಗೆ ತಿಳಿಯುವುದು ಮೂತ್ರ ಎಷ್ಟು ದಪ್ಪ ಅಂತ ಮಾತ್ರ. ಕಿಡ್ನಿಯಿಂದ ದಿನಕ್ಕೆ ಒಟ್ಟು ಎಷ್ಟು ಪ್ರೋಟೀನ್ ಸೋರಿತು ಅಂತ ಅದಕ್ಕೆ ತಿಳಿಯಲ್ಲ. ಒಂದು ಚಿಟಿಕೆ ಉಪ್ಪು ಲೋಟದ ನೀರಿಗೆ ಹಾಕಿದರೆ ನಾಲಿಗೆಗೆ ಗೊತ್ತಾಗುತ್ತದೆ, ಅದೇ ಚಿಟಿಕೆ ಕೊಡಕ್ಕೆ ಹಾಕಿದರೆ ಗೊತ್ತಾಗಲ್ಲ. ಉಪ್ಪು ಮಾತ್ರ ಅಷ್ಟೇ ಇರುತ್ತದೆ, ಅಲ್ವಾ?

ಉಳಿಸಿದ್ದು ಬಿಪಿ. ಮೇಡಂ ನನ್ನ ನಿಲ್ ನೋಡಿ ಆಕೆಯನ್ನು ಮನೆಗೆ ಕಳಿಸಲಿಲ್ಲ. ನಾಲ್ಕು ತಾಸು ಬಿಟ್ಟು ಸಂಜೆ ಮತ್ತೆ ನೋಡಿದರು, 150/96. ಸ್ಕ್ಯಾನ್ ರಿಪೋರ್ಟಿನಲ್ಲಿ ಮಗು 33 ವಾರಕ್ಕೆ ಇರಬೇಕಾದಷ್ಟು ಬೆಳೆದಿಲ್ಲ, ಸುತ್ತಲಿನ ನೀರೂ ಕಡಿಮೆ ಅಂತ ಇತ್ತು. ಮಲಗಿಸಿಕೊಂಡರು. “ಬೆಳಿಗ್ಗೆ ಎದ್ದ ಕೂಡಲೇ ಹಿಡಿದ ಮೂತ್ರ ಕಳಿಸ್ತೀನಿ, ನೀನೇ ನೋಡು” ಅಂತ ನನಗೆ ಹೇಳಿ ಹೋದರು. ಏನೋ ಅನ್ನಿಸಿ ನಾನು ಮಧ್ಯಾಹ್ನದ ಬಾಟಲಿಯನ್ನು ಚೆಲ್ಲದೆ ಫ್ರಿಜ್ಜಿಗೆ ಇಟ್ಟೆ.

ಮಂಗಳವಾರ ಬೆಳಿಗ್ಗೆ ಬಂದ ಬಾಟಲಿ ಕಡು ಹಳದಿ. ಅಲುಗಾಡಿಸಿದರೆ ಮೇಲೆ ನೊರೆ ನಿಂತಿತು. ಪಟ್ಟಿ ಕಡು ಹಸಿರಾಯಿತು, 3+. ಅವತ್ತು ನನಗೆ ಪಟ್ಟಿಯ ಮೇಲೆ ನಂಬಿಕೆ ಇರಲಿಲ್ಲ, ಹಾಗಾಗಿ ಹಳೇ ಪದ್ಧತಿಯಲ್ಲೂ ನೋಡಿದೆ. ಟ್ಯೂಬಿನ ಮುಕ್ಕಾಲು ಭಾಗ ಮೂತ್ರ, ತಳ ಹಿಡಿದುಕೊಂಡು ಮೇಲ್ಭಾಗ ಮಾತ್ರ ಉರಿಗೆ ಒಡ್ಡಬೇಕು. ಮೇಲೆ ಬೆಳ್ಳಗಾದರೆ ಎರಡು ಮೂರು ಹನಿ ಅಸಿಟಿಕ್ ಆಮ್ಲ. ಫಾಸ್ಫೇಟ್ ಇದ್ದರೆ ಅದು ಕರಗಿ ತಿಳಿಯಾಗುತ್ತದೆ, ಆಲ್ಬುಮಿನ್ ಇದ್ದರೆ ಹಾಗೇ ಉಳಿಯುತ್ತದೆ. ಇಲ್ಲಿ ಉಳಿಯಿತು ಅಷ್ಟೇ ಅಲ್ಲ, ತುಣುಕು ತುಣುಕಾಗಿ ಕೆಳಗಿಳಿಯಿತು. ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ರಿಚರ್ಡ್ ಬ್ರೈಟ್ ಅನ್ನೋ ಡಾಕ್ಟರು ಚಮಚದಲ್ಲಿ ಮೂತ್ರ ಹಿಡಿದು ಮೇಣದ ಬತ್ತಿಯ ಮೇಲೆ ಕಾಯಿಸಿ ನೋಡುತ್ತಿದ್ದರು. ಅದೇ ಆಸ್ಪತ್ರೆಯ ಜಾನ್ ಲೀವರ್ 1843ರಲ್ಲಿ ಫಿಟ್ಸ್ ಬಂದ ಬಸುರಿಯರ ಮೂತ್ರದಲ್ಲಿ ಆಲ್ಬುಮಿನ್ ಇದೆ ಅಂತ ಮೊದಲು ತೋರಿಸಿದರು. ನಮ್ಮ ಸಬ್‌ಸೆಂಟರಿನ ಸಿಸ್ಟರ್‌ಗಳು ಪಟ್ಟಿ ಮುಗಿದಾಗ ಇವತ್ತಿಗೂ ಮಾಡುವುದು ಅದೇ ಪರೀಕ್ಷೆ. ಅದು ಕೀಳಾದ ಪರೀಕ್ಷೆ ಅಂತ ಯಾರಾದರೂ ಹೇಳಿದರೆ ನಾನು ಒಪ್ಪಲ್ಲ.

ಆಮೇಲೆ ಎರಡೂ ಬಾಟಲಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಪ್ರೋಟೀನ್-ಕ್ರಿಯಾಟಿನಿನ್ ರೇಶಿಯೋ ಮಾಡಿದೆ. ಕ್ರಿಯಾಟಿನಿನ್ ನಮ್ಮ ಸ್ನಾಯುಗಳಿಂದ ಬರುವ ಕಸ. ಒಬ್ಬರ ದೇಹದಿಂದ ದಿನಕ್ಕೆ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಮೂತ್ರಕ್ಕೆ ಹೋಗುತ್ತದೆ. ನೀರು ಜಾಸ್ತಿ ಕುಡಿದರೆ ಅದೂ ತೆಳ್ಳಗಾಗುತ್ತದೆ, ಪ್ರೋಟೀನೂ ತೆಳ್ಳಗಾಗುತ್ತದೆ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ನೀರಿನ ಲೆಕ್ಕ ಹೊಡೆದುಹೋಗುತ್ತದೆ. 0.3 ದಾಟಿದರೆ ಬಸುರಿಯಲ್ಲಿ ಪ್ರೋಟೀನ್ ಸೋರುತ್ತಿದೆ ಅಂತ ಅರ್ಥ. 24 ತಾಸಿನ ಮೂತ್ರ ಹಿಡಿದಿಟ್ಟರೆ 300 ಮಿಲಿಗ್ರಾಂ ಸಿಗುವುದಕ್ಕೆ ಇದು ಸಮ. ಮೂತ್ರದ ಕ್ರಿಯಾಟಿನಿನ್‌ಗೆ ನಾವು ಸ್ಯಾಂಪಲ್ಲನ್ನು ಐವತ್ತು ಪಟ್ಟು ತೆಳ್ಳಗೆ ಮಾಡಿ ಹಾಕುತ್ತೇವೆ. ಮಧ್ಯಾಹ್ನದ್ದನ್ನೂ ಹಾಗೇ ಹಾಕಿದೆ, ಮಷಿನ್ ಸೊನ್ನೆಯ ಹತ್ತಿರ ತೋರಿಸಿತು. ಕೊನೆಗೆ ತೆಳ್ಳಗೆ ಮಾಡದೆ ನೇರವಾಗಿ ಹಾಕಬೇಕಾಯಿತು, ಅಷ್ಟು ನೀರಾಗಿತ್ತು ಅದು.

ಬೆಳಗಿನದು (100 ಮಿಲಿಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ): ಪ್ರೋಟೀನ್ 320, ಕ್ರಿಯಾಟಿನಿನ್ 118, ರೇಶಿಯೋ 2.7. ಮಧ್ಯಾಹ್ನದ್ದು: ಪ್ರೋಟೀನ್ 14, ಕ್ರಿಯಾಟಿನಿನ್ 9, ರೇಶಿಯೋ 1.56.

ಹದಿನಾಲ್ಕು ಅಂದರೆ ಪಟ್ಟಿಯ ಕಣ್ಣಿಗೆ ಬೀಳದ ಸಂಖ್ಯೆ. ಆದರೆ ಭಾಗಿಸಿದ ಕೂಡಲೇ 0.3ರ ಐದು ಪಟ್ಟು. ನಾನು ‘ನಿಲ್’ ಅಂತ ಬರೆದ ಬಾಟಲಿಯಲ್ಲೇ ಕಾಯಿಲೆ ಇತ್ತು. ಆ ಎರಡು ಸಾಲನ್ನು ಕಾಗದದಲ್ಲಿ ಬರೆದುಕೊಂಡು ನಾನೇ ವಾರ್ಡಿಗೆ ಓಡಿದೆ, ಅಟೆಂಡರ್ ಕೈಲಿ ಕೊಡಲಿಲ್ಲ.

20 ವಾರ ದಾಟಿದ ಮೇಲೆ ಹೊಸದಾಗಿ ಬಿಪಿ 140/90 ಮುಟ್ಟಿ, ನಾಲ್ಕು ತಾಸು ಬಿಟ್ಟು ನೋಡಿದರೂ ಇಳಿಯದೆ, ಜೊತೆಗೆ ಮೂತ್ರದಲ್ಲಿ ಪ್ರೋಟೀನ್ ಸೋರಿದರೆ ಅದು ಪ್ರಿಎಕ್ಲಾಂಪ್ಸಿಯಾ. ನಮ್ಮ ಕಡೆ ನಂಜು ಅನ್ನುತ್ತಾರೆ. 2013ರಿಂದ ಅಮೆರಿಕದ ಪ್ರಸೂತಿ ತಜ್ಞರ ಸಂಘ ಪ್ರೋಟೀನ್ ಇರಲೇಬೇಕು ಅಂತ ಪಟ್ಟು ಹಿಡಿಯುವುದನ್ನು ಬಿಟ್ಟಿದೆ. ಪ್ಲೇಟ್‌ಲೆಟ್ 1 ಲಕ್ಷಕ್ಕಿಂತ ಕೆಳಗಿಳಿದರೆ, ಲಿವರ್ ಎನ್‌ಜೈಮ್ ಎರಡು ಪಟ್ಟಾದರೆ, ರಕ್ತದ ಕ್ರಿಯಾಟಿನಿನ್ 1.1 ದಾಟಿದರೆ, ಶ್ವಾಸಕೋಶಕ್ಕೆ ನೀರು ಬಂದರೆ, ಬಿಡದ ತಲೆನೋವು ಬಂದರೆ ಅಥವಾ ಕಣ್ಣು ಮಂಜಾದರೆ ಬಿಪಿ ಜೊತೆ ಅಷ್ಟೇ ಸಾಕು. ಒಳ್ಳೆಯ ನಿರ್ಧಾರ ಅದು, ನನ್ನ ಮಧ್ಯಾಹ್ನದ ಬಾಟಲಿಯಂಥ ಬಾಟಲಿಗಳು ಎಲ್ಲ ಊರಲ್ಲೂ ಇರುತ್ತವೆ. ಆಕೆಯ ರಕ್ತದಲ್ಲಿ ಪ್ಲೇಟ್‌ಲೆಟ್ 1.3 ಲಕ್ಷ, ಕ್ರಿಯಾಟಿನಿನ್ 0.9. ಈ 0.9 ನೋಡಿ ನಮ್ಮ ಹೊಸ ಹುಡುಗ ನಾರ್ಮಲ್ ಅಂದ. ಬೇರೆಯವರಿಗೆ ನಾರ್ಮಲ್, ಬಸುರಿಗೆ ಅಲ್ಲ. ಬಸುರಿಯಲ್ಲಿ ಕಿಡ್ನಿ ಒಂದೂವರೆ ಪಟ್ಟು ಕೆಲಸ ಮಾಡುತ್ತಿರುತ್ತದೆ, ಕ್ರಿಯಾಟಿನಿನ್ ಮಾಮೂಲಿಗಿಂತ ಕೆಳಗೇ ಇರಬೇಕು. 0.9 ಅಂದರೆ ಕಿಡ್ನಿಗೆ ಆಗಲೇ ಸುಸ್ತು.

ಮಂಗಳವಾರ ಬೆಳಿಗ್ಗೆಯೇ ಬಿಪಿ ಇಳಿಸುವ ಲ್ಯಾಬೆಟಲಾಲ್ ಮಾತ್ರೆ ಶುರುವಾಯಿತು. ಮಗುವಿನ ಶ್ವಾಸಕೋಶ ಬಲಿಯಲಿ ಅಂತ ಡೆಕ್ಸಾಮೆಥಾಸೋನ್ ಇಂಜೆಕ್ಷನ್, 6 ಮಿಲಿಗ್ರಾಂನಂತೆ ಹನ್ನೆರಡು ತಾಸಿಗೊಂದು, ಒಟ್ಟು ನಾಲ್ಕು. ರಾತ್ರಿ ಎರಡು ಗಂಟೆಗೆ ಆಕೆ ಎದ್ದು ಕೂತಳು. “ಯವ್ವಾ, ತೆಲಿ ಸಿಡಿತೈತಿ, ಟ್ಯೂಬ್‌ಲೈಟ್ ಎರಡೆರಡು ಕಾಣಾಕತ್ತಾವು.” ಬಿಪಿ 168/112.

ಇದಾದ ಮೇಲೆ ವಾರ್ಡಿನಲ್ಲಿ ನಡೆದದ್ದನ್ನು ಸಿಸ್ಟರ್ ಹೇಳಿದ್ದು. ಬಿಪಿಗೆ ನಿಫೆಡಿಪಿನ್ ಕೊಟ್ಟರು, ಮ್ಯಾಗ್ನೀಶಿಯಂ ಸಲ್ಫೇಟ್ ಆಂಪ್ಯೂಲ್ ಒಡೆದರು. ಒಂದು ಆಂಪ್ಯೂಲಿನಲ್ಲಿ 1 ಗ್ರಾಂ ಇರುತ್ತದೆ. 4 ಗ್ರಾಂ ತೆಳ್ಳಗೆ ಮಾಡಿ ನಿಧಾನವಾಗಿ ನರಕ್ಕೆ, ಎರಡೂ ಪಿರ್ರೆಗೆ ಐದೈದು ಗ್ರಾಂ. ಹದಿನಾಲ್ಕು ಆಂಪ್ಯೂಲ್ ಒಡೆದ ಗಾಜು ಬೆಳಿಗ್ಗೆ ಟ್ರೇಯಲ್ಲಿ ಇನ್ನೂ ಇತ್ತು. ಫಿಟ್ಸ್ ಬರುವುದನ್ನು ಈ ಔಷಧಿ ಅರ್ಧಕ್ಕಿಂತ ಜಾಸ್ತಿ ತಡೆಯುತ್ತದೆ. 2002ರಲ್ಲಿ ಪ್ರಕಟವಾದ ಮ್ಯಾಗ್ಪೈ ಅಧ್ಯಯನ 33 ದೇಶಗಳ ಸುಮಾರು 10,000 ಹೆಂಗಸರಲ್ಲಿ ಅದನ್ನು ತೋರಿಸಿದೆ. ಇಲ್ಲೂ ಮತ್ತೆ ಮೂತ್ರದ್ದೇ ಮಾತು. ಮ್ಯಾಗ್ನೀಶಿಯಂ ದೇಹದಿಂದ ಹೊರಗೆ ಹೋಗುವುದು ಮೂತ್ರದಲ್ಲೇ. ತಾಸಿಗೆ 30 ಮಿಲಿಲೀಟರ್ ಮೂತ್ರವಾದರೂ ಆಗದಿದ್ದರೆ ಅದು ಒಳಗೇ ಕೂಡಿ ಉಸಿರು ನಿಲ್ಲಿಸಬಹುದು. ಹಾಗಾಗಿ ಕ್ಯಾಥೆಟರ್ ಹಾಕಿ, ಮೊಣಕಾಲು ತಟ್ಟಿ ಕಾಲು ಎಗರುತ್ತದಾ ನೋಡಿ, ಉಸಿರು ಎಣಿಸಿ, ಮ್ಯಾಗ್ನೀಶಿಯಂ ಜಾಸ್ತಿಯಾದರೆ ಕೊಡುವ ಕ್ಯಾಲ್ಸಿಯಂ ಗ್ಲುಕೋನೇಟ್ ಜೇಬಿನಲ್ಲಿ ಇಟ್ಟುಕೊಂಡು ಸಿಸ್ಟರ್ 108ರಲ್ಲಿ ಜೊತೆಗೇ ಹೋದರು. ಎರಡು ತಾಸಿನ ದಾರಿ. ದಾರಿಯಲ್ಲಿ ಫಿಟ್ಸ್ ಬರಲಿಲ್ಲ.

ಜಿಲ್ಲಾ ಕೇಂದ್ರದ ದೊಡ್ಡ ಆಸ್ಪತ್ರೆಯಲ್ಲಿ ಉಳಿದ ಎರಡು ಡೆಕ್ಸಾ ಮುಗಿಸಿ, ಗುರುವಾರ ಆಪರೇಷನ್ ಮಾಡಿ ಮಗು ತೆಗೆದರು. ಹೆಣ್ಣು ಮಗು, 1.42 ಕೆಜಿ.

ಈಗ ಸ್ವಲ್ಪ ನಿಂತು, ಮೂತ್ರದಲ್ಲಿ ಪ್ರೋಟೀನ್ ಯಾಕೆ ಬರುತ್ತದೆ ಅಂತ ಹೇಳಬೇಕು. ನನ್ನನ್ನು ತುಂಬ ಜನ ಕೇಳುತ್ತಾರೆ, “ಕಿಡ್ನಿ ಕೆಟ್ಟೈತೇನ್ರೀ?” ಅಂತ. ತೊಂದರೆ ಶುರುವಾಗುವುದು ಕಿಡ್ನಿಯಲ್ಲಲ್ಲ, ಮಾಸಿನಲ್ಲಿ (ಪ್ಲಾಸೆಂಟಾ). ಮಾಸಿಗೆ ರಕ್ತ ಸರಿಯಾಗಿ ಹರಿಯದಿದ್ದಾಗ ಅದು ತಾಯಿಯ ರಕ್ತಕ್ಕೆ ಒಂದು ಪ್ರೋಟೀನ್ ಜಾಸ್ತಿ ಬಿಡುತ್ತದೆ, ಎಸ್‌ಫ್ಲಿಟ್-1 ಅಂತ ಅದರ ಹೆಸರು. ರಕ್ತನಾಳಗಳ ಒಳಗೋಡೆಯನ್ನು ಚೆನ್ನಾಗಿ ಇಡುವ ಇನ್ನೊಂದು ಪ್ರೋಟೀನ್ ಇದೆ, ಪಿಎಲ್‌ಜಿಎಫ್. ಎಸ್‌ಫ್ಲಿಟ್-1 ಅದನ್ನು ಹಿಡಿದು ಕಟ್ಟಿಹಾಕುತ್ತದೆ. ಭಾರತ ಮೂಲದ ಕಿಡ್ನಿ ತಜ್ಞ ಅನಂತ್ ಕರುಮಂಚಿ ಮತ್ತು ಜೊತೆಯವರು 2003ರಲ್ಲಿ ಇದನ್ನು ತೋರಿಸಿದರು. ಕಿಡ್ನಿಯ ಸೋಸುವ ಗೋಡೆಗೆ ಪಿಎಲ್‌ಜಿಎಫ್ ಥರದವು ಬೇಕೇ ಬೇಕು. ಅವು ಸಿಗದಿದ್ದರೆ ಆ ಗೋಡೆಯ ಜೀವಕೋಶಗಳು ಉಬ್ಬುತ್ತವೆ, ಜರಡಿಯ ಕಣ್ಣು ಹಾಳಾಗಿ ಪ್ರೋಟೀನ್ ಕೆಳಗೆ ಇಳಿಯುತ್ತದೆ. ಅಷ್ಟರ ಹೊತ್ತಿಗೆ ಕಾಯಿಲೆ ಶುರುವಾಗಿ ತುಂಬ ದಿನ ಆಗಿರುತ್ತದೆ. ಪ್ರೋಟೀನ್ ತಡವಾಗಿ ಬರುವ ಸುದ್ದಿ.

ಹಾಗಾಗಿಯೇ ಮೂತ್ರದಲ್ಲಿ ಇನ್ನೂ ಮೊದಲೇ ಸಿಗುವ ಗುರುತುಗಳನ್ನು ಹುಡುಕುತ್ತಿದ್ದಾರೆ. ಪಿಎಲ್‌ಜಿಎಫ್ ಸಣ್ಣ ಪ್ರೋಟೀನ್, ಕಿಡ್ನಿಯ ಜರಡಿಯಲ್ಲಿ ಸುಲಭವಾಗಿ ಇಳಿದು ಮೂತ್ರಕ್ಕೆ ಬರುತ್ತದೆ. ಎಸ್‌ಫ್ಲಿಟ್-1 ದಪ್ಪ, ಹಾಗೆ ಇಳಿಯಲ್ಲ. ಮುಂದೆ ನಂಜು ಬರುವ ಹೆಂಗಸರ ಮೂತ್ರದಲ್ಲಿ ಪಿಎಲ್‌ಜಿಎಫ್ ಮೊದಲೇ ಕಡಿಮೆ ಆಗಿರುತ್ತದೆ ಅಂತ 2005ರಲ್ಲೇ ತೋರಿಸಿದ್ದಾರೆ. ಇನ್ನೊಂದು ಗುರುತು ಪೋಡೋಸೈಟ್. ಜರಡಿಯನ್ನು ಹೊರಗಿನಿಂದ ಬೆರಳುಗಳಂತೆ ಹಿಡಿದಿರುವ ಜೀವಕೋಶಗಳು ಅವು, ನಂಜಿನಲ್ಲಿ ಕಿತ್ತು ಮೂತ್ರಕ್ಕೆ ಬೀಳುತ್ತವೆ. ನನಗೆ ತುಂಬ ಹಿಡಿಸಿದ್ದು ಮಾತ್ರ ಕಾಂಗೋ ರೆಡ್. ಅದು ಮೊದಲು ಹತ್ತಿ ಬಟ್ಟೆಗೆ ಹಾಕುತ್ತಿದ್ದ ಕೆಂಪು ಬಣ್ಣ. ಹತ್ತಿ ಬೆಳೆಯುವ ಜಿಲ್ಲೆಯವಳಾಗಿ ಅದನ್ನು ಓದಿದಾಗ ಖುಷಿಯಾಯಿತು. ನಂಜಿನ ಬಸುರಿಯ ಮೂತ್ರದಲ್ಲಿ ಸರಿಯಾಗಿ ಮಡಚಿಕೊಳ್ಳದ ಪ್ರೋಟೀನುಗಳು ಇರುತ್ತವೆ, ಅವು ಈ ಬಣ್ಣವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ. ಬಣ್ಣ ಬೆರೆಸಿದ ಮೂತ್ರದ ಹನಿಯನ್ನು ಒಂದು ಪೊರೆಯ ಮೇಲೆ ಇಟ್ಟು ತೊಳೆದರೆ ಬೇರೆಯವರದ್ದು ಹೋಗುತ್ತದೆ, ನಂಜಿನವರದ್ದು ಕೆಂಪಾಗಿ ಉಳಿಯುತ್ತದೆ. ಸಂಶೋಧಕಿ ಐರಿನಾ ಬುಹಿಮ್ಸ್ಕಿ ಮತ್ತು ತಂಡ 2014ರಲ್ಲಿ ಪ್ರಕಟಿಸಿದ ಕೆಲಸ ಇದು. ದೊಡ್ಡ ಮಷಿನ್ ಬೇಡದ ಪರೀಕ್ಷೆ. ನಮ್ಮಂಥ ಲ್ಯಾಬಿಗೆ ಬರಬೇಕಾದದ್ದು ಇಂಥದ್ದೇ.

ರಕ್ತದಲ್ಲಿ ಎಸ್‌ಫ್ಲಿಟ್-1 ಮತ್ತು ಪಿಎಲ್‌ಜಿಎಫ್ ರೇಶಿಯೋ ನೋಡುವ ಪರೀಕ್ಷೆ ದೊಡ್ಡ ಊರುಗಳಲ್ಲಿ ಇದೆ. ಅದು 38 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಮುಂದಿನ ಒಂದು ವಾರ ನಂಜು ಬರುವ ಸಾಧ್ಯತೆ ತುಂಬ ಕಡಿಮೆ ಅಂತ 2016ರ ಅಧ್ಯಯನ ಹೇಳಿದೆ. ನಮ್ಮಲ್ಲಿ ಇಲ್ಲ. ಆದರೆ ಅದು ಇಲ್ಲ ಅನ್ನೋದು ಈ ಪ್ರಕರಣದಲ್ಲಿ ನೆಪ ಆಗಲಾರದು. ನಮ್ಮಲ್ಲಿ ಇದ್ದ ಕ್ರಿಯಾಟಿನಿನ್ ರೀಏಜೆಂಟೇ ಸಾಕಿತ್ತು. ಹೊಸ ಗುರುತು ಯಾವುದೇ ಬರಲಿ, ಮೂತ್ರದಲ್ಲಿ ನೋಡುವುದಾದರೆ ನೀರಿನ ಲೆಕ್ಕ ಹಾಕಲೇಬೇಕು. ಕುಡಿದ ಎರಡು ಬಾಟಲಿ ನೀರು ಪಿಎಲ್‌ಜಿಎಫ್ ಅನ್ನೂ ತೆಳ್ಳಗೆ ಮಾಡುತ್ತದೆ. ಅಲ್ಲಿ ಕಡಿಮೆ ಬಂದದ್ದೇ ಕೆಟ್ಟದ್ದು ಆಗಿರುವುದರಿಂದ ತಪ್ಪು ಉಲ್ಟಾ ಆಗುತ್ತದೆ, ಚೆನ್ನಾಗಿರುವವರಿಗೂ ನಂಜು ಬರುತ್ತೆ ಅಂತ ತೋರಿಸಿಬಿಡಬಹುದು.

ಮಗುವಿನ ವಿಷಯಕ್ಕೆ ಬರುತ್ತೇನೆ. ಆ ದೊಡ್ಡ ಆಸ್ಪತ್ರೆಯ ಲ್ಯಾಬಿನಲ್ಲಿ ನನ್ನ ಜೊತೆ ಓದಿದ ಗೆಳತಿ ಇದ್ದಾಳೆ, ದಿನಾ ಫೋನ್ ಮಾಡಿ ಕೇಳುತ್ತಿದ್ದೆ. ಹುಟ್ಟಿದಾಗ ಮಗು ಮೆತ್ತಗಿತ್ತು, ಕೈಕಾಲು ಎತ್ತುತ್ತಿರಲಿಲ್ಲ. ತಾಯಿಗೆ ಕೊಟ್ಟ ಮ್ಯಾಗ್ನೀಶಿಯಂ ಮಾಸು ದಾಟಿ ಮಗುವಿಗೂ ಹೋಗಿರುತ್ತದೆ, ಒಂದೆರಡು ದಿನದಲ್ಲಿ ಇಳಿಯುತ್ತದೆ. ಪ್ಲೇಟ್‌ಲೆಟ್ 92,000 ಇತ್ತು. ನಂಜಿನ ತಾಯಂದಿರ ಮಕ್ಕಳಲ್ಲಿ ಹೀಗಾಗುವುದು ಇದೆ, ಇದೂ ಒಂದು ವಾರದಲ್ಲಿ ಏರಿತು. ಎಲ್ಲರೂ ಕಾದದ್ದು ಮೂತ್ರಕ್ಕೆ. ಹುಟ್ಟಿದ ಮಕ್ಕಳು ಹೆಚ್ಚಿನವು 24 ತಾಸಿನೊಳಗೆ ಮೂತ್ರ ಮಾಡುತ್ತವೆ, 48 ತಾಸಿನೊಳಗೆ ಬಹುತೇಕ ಎಲ್ಲವೂ. ಈಕೆ ಮಾಡಿದ್ದು 29ನೇ ತಾಸಿಗೆ. ಆ ಐದು ತಾಸು ಆಕೆಯ ಅಜ್ಜಿ ಎಳೇ ಮಕ್ಕಳ ವಾರ್ಡಾದ ಎಸ್‌ಎನ್‌ಸಿಯು ಬಾಗಿಲ ಹೊರಗೆ ನಿಂತೇ ಇದ್ದಳಂತೆ.

ಇಷ್ಟು ಸಣ್ಣ ಮಗುವಿನ ಮೂತ್ರ ಹಿಡಿಯುವುದು ದೊಡ್ಡ ಕೆಲಸ. ಅಂಟಿಸುವ ಚೀಲ ಹೆಣ್ಣುಮಗುವಿಗೆ ಸರಿಯಾಗಿ ಕೂರಲ್ಲ, ಸೋರುತ್ತದೆ, ಕೀಳುವಾಗ ಎಳೇ ಚರ್ಮವೇ ಕಿತ್ತು ಬರುತ್ತದೆ. ಅಲ್ಲಿಯ ಸಿಸ್ಟರ್ ಲಂಗೋಟಿಯೊಳಗೆ ಶುದ್ಧವಾದ ಹತ್ತಿ ಉಂಡೆ ಇಟ್ಟರು, ಒದ್ದೆಯಾದ ಮೇಲೆ ಸಿರಿಂಜಿನೊಳಗೆ ತುರುಕಿ ಹಿಂಡಿದರು. 2 ಮಿಲಿಲೀಟರ್ ಸಿಕ್ಕಿತು. ಅಂಗಡಿ ಡೈಪರ್ ಆಗಿದ್ದರೆ ಅದೂ ಸಿಗುತ್ತಿರಲಿಲ್ಲ, ಒಳಗಿನ ಜೆಲ್ ಎಲ್ಲ ಕುಡಿದುಬಿಡುತ್ತದೆ. ಪಟ್ಟಿಯಲ್ಲಿ ಆಲ್ಬುಮಿನ್ ಸ್ವಲ್ಪ ಕಂಡಿತು. ಅಮ್ಮನ 3+ ನೋಡಿ ಬಂದವರಿಗೆ ಅದು ಹೆದರಿಕೆ ಹುಟ್ಟಿಸುತ್ತದೆ, ಆದರೆ ದಿನ ತುಂಬದ ಮಕ್ಕಳಲ್ಲಿ ಮೊದಲ ದಿನಗಳಲ್ಲಿ ಅಷ್ಟು ಇರುವುದು ಅಪರೂಪವಲ್ಲ.

ಅಮ್ಮನಿಗೆ ಹಿಡಿದ ಅಳತೆ ಮಗುವಿಗೆ ಹಿಡಿಯಲ್ಲ ಅನ್ನೋದು ನನಗೆ ಸರಿಯಾಗಿ ಅರ್ಥವಾದದ್ದು ಇಲ್ಲಿ. ಹತ್ತನೇ ತಾಸಿಗೆ ಮಗುವಿನ ರಕ್ತದ ಕ್ರಿಯಾಟಿನಿನ್ ನೋಡಿದರು: 0.9. ಅಮ್ಮನದೂ 0.9. ಕ್ರಿಯಾಟಿನಿನ್ ಮಾಸನ್ನು ಸುಲಭವಾಗಿ ದಾಟುತ್ತದೆ, ಹಾಗಾಗಿ ಮೊದಲ ದಿನ ಮಗುವಿನ ರಕ್ತದಲ್ಲಿ ಇರುವುದು ಅಮ್ಮನ ಕ್ರಿಯಾಟಿನಿನ್. ಮಗುವಿನ ಕಿಡ್ನಿ ಹೇಗಿದೆ ಅಂತ ಅದು ಹೇಳಲ್ಲ. ಅದೇ ಮೂತ್ರಕ್ಕೂ ಬರುತ್ತದೆ. ಅಮ್ಮನಲ್ಲಿ ನೀರಿನ ಲೆಕ್ಕ ಸರಿಮಾಡಿಕೊಟ್ಟ ಕ್ರಿಯಾಟಿನಿನ್ ಮಗುವಿನಲ್ಲಿ ಲೆಕ್ಕವನ್ನೇ ಕೆಡಿಸಬಹುದು. ಮಕ್ಕಳ ಮೂತ್ರದಲ್ಲಿ ಎನ್‌ಜಿಎಎಲ್, ಕಿಮ್-1, ಬೀಟಾ-2 ಮೈಕ್ರೋಗ್ಲೋಬ್ಯುಲಿನ್ ಅಂತ ಕಿಡ್ನಿ ಪೆಟ್ಟಿನ ಗುರುತುಗಳನ್ನು ಹುಡುಕುವವರಿಗೂ ಇದೇ ತೊಡಕು. ದಿನ ತುಂಬದ ಮಗುವಿನಲ್ಲಿ ಕಿಡ್ನಿ ಇನ್ನೂ ಎಳೇದಾಗಿರುವುದರಿಂದಲೇ ಇಂಥವು ಏರಿರುತ್ತವೆ. ಎನ್‌ಜಿಎಎಲ್ ಹೆಣ್ಣುಮಕ್ಕಳಲ್ಲಿ ಗಂಡುಮಕ್ಕಳಿಗಿಂತ ಜಾಸ್ತಿ, ಸೋಂಕು ಇದ್ದರೆ ಇನ್ನೂ ಜಾಸ್ತಿ. ಒಂದು ಸಂಖ್ಯೆ ಹಿಡಿದುಕೊಂಡು ‘ಅಮ್ಮನ ನಂಜು ಮಗುವಿನ ಕಿಡ್ನಿಗೂ ತಾಗಿದೆ’ ಅಂತ ಹೇಳುವ ಹಾಗಿಲ್ಲ.

ಹಾಗಂತ ಸುಮ್ನೆ ಬಿಡುವ ವಿಷಯವೂ ಅಲ್ಲ. ಮನುಷ್ಯರ ಕಿಡ್ನಿಯ ಸೋಸುವ ಘಟಕಗಳು ಹೊಸದಾಗಿ ಹುಟ್ಟುವುದು ಬಸುರಿನ ಸುಮಾರು 36ನೇ ವಾರದವರೆಗೆ. 33ನೇ ವಾರಕ್ಕೇ ಹುಟ್ಟಿದ, ಹೊಟ್ಟೆಯಲ್ಲೂ ಸರಿಯಾಗಿ ಬೆಳೆಯದ ಮಗುವಿಗೆ ಅವು ಕಡಿಮೆ ಇರುವ ಸಾಧ್ಯತೆ ಇದೆ. ಕಡಿಮೆ ಇದ್ದರೆ ದೊಡ್ಡವರಾದ ಮೇಲೆ ಬಿಪಿ ಬರುವ ಸಾಧ್ಯತೆ ಜಾಸ್ತಿ ಅಂತ ಕಿಡ್ನಿ ತಜ್ಞ ಬ್ರೆನರ್ ಮತ್ತು ಜೊತೆಯವರು 1988ರಲ್ಲೇ ಹೇಳಿದ್ದಾರೆ. ಆದ್ದರಿಂದ ಈ ಮಗುವಿಗೆ ಬೇಕಾದದ್ದು ಇವತ್ತಿನ ಒಂದು ಪರೀಕ್ಷೆಗಿಂತ ಜಾಸ್ತಿ, ಮುಂದಿನ ವರ್ಷಗಳಲ್ಲಿ ಆಗಾಗ ಬಿಪಿ ನೋಡುವ ಒಬ್ಬರು. ಡಿಸ್ಚಾರ್ಜ್ ಕಾರ್ಡಿನಲ್ಲಿ ಅದರ ಬಗ್ಗೆ ಒಂದು ಸಾಲೂ ಇರಲಿಲ್ಲ.

ಇಪ್ಪತ್ತಮೂರು ದಿನ ಎಸ್‌ಎನ್‌ಸಿಯುನಲ್ಲಿ ಇದ್ದು, ಕಾಂಗರೂ ಥರ ಎದೆಗೆ ಒತ್ತಿಕೊಂಡು, ಲೋಟ ಚಮಚದಲ್ಲಿ ಎದೆಹಾಲು ಕುಡಿಸಿ, ನಗು-ಮಗು ಗಾಡಿಯಲ್ಲಿ ಊರಿಗೆ ಬಂದರು. ತಾಯಿಗೂ ಗಂಡಾಂತರ ಹೆರಿಗೆಯೊಂದಿಗೆ ಮುಗಿದಿರಲಿಲ್ಲ. ಬಿಪಿ ಎಲ್ಲಕ್ಕಿಂತ ಜಾಸ್ತಿ ಏರುವುದು ಹೆರಿಗೆಯಾಗಿ ಮೂರರಿಂದ ಆರು ದಿನದ ನಡುವೆ. ಆಕೆಗೆ ಐದನೇ ದಿನ 158/104 ಆಗಿತ್ತು. ಬಾಣಂತಿಯ ಬಿಪಿ ನೋಡುವುದನ್ನು ‘ಹೆರಿಗೆ ಆಯ್ತಲ್ಲ’ ಅಂತ ಬಿಡಬಾರದು.

ಮಗುವಿನ ಆರನೇ ವಾರದ ಲಸಿಕೆಗೆ ಬಂದಾಗ ನಾನೇ ಕರೆದು ತಾಯಿಯ ಮೂತ್ರ ಕೇಳಿದೆ. ಮಗುವಿನ ಲಸಿಕೆಗೆ ಎಲ್ಲರೂ ಬರುತ್ತಾರೆ, ಅವತ್ತೇ ತಾಯಿಯ ಬಿಪಿ, ಮೂತ್ರವನ್ನೂ ನೋಡಿಬಿಟ್ಟರೆ ಬೇರೆ ದಿನ ಕರೆಯುವ ಕಷ್ಟವೇ ಇಲ್ಲ, ಅಲ್ವಾ? ರೇಶಿಯೋ 0.4 ಇತ್ತು. ಇಳಿಯುತ್ತಿದೆ, ಪೂರ್ತಿ ಇಳಿದಿಲ್ಲ. ಮೂರು ತಿಂಗಳು ದಾಟಿದರೂ ಸೋರುತ್ತಿದ್ದರೆ ಮೊದಲೇ ಕಿಡ್ನಿ ಕಾಯಿಲೆ ಇತ್ತಾ ಅಂತ ನೋಡಬೇಕಾಗುತ್ತದೆ, ಇನ್ನೂ ಆರು ವಾರ ಬಿಟ್ಟು ಬನ್ನಿ ಅಂದೆ.

ಲ್ಯಾಬಿನಲ್ಲಿ ಎರಡು ಬದಲಾವಣೆ ಮಾಡಿದ್ದೇವೆ. ಮೂತ್ರ ನೀರಿನಂತಿದ್ದರೆ ಬರೀ ‘ನಿಲ್’ ಬರೆಯಲ್ಲ, ‘ತುಂಬ ತೆಳ್ಳಗಿದೆ, ಬೆಳಗಿನದು ಕೊಡಿ’ ಅಂತ ಸೇರಿಸುತ್ತೇವೆ. ಬಿಪಿ 140 ಮುಟ್ಟಿದ ಬಸುರಿ ಬಂದರೆ ಪಟ್ಟಿ ಏನೇ ಹೇಳಲಿ, ಮೇಡಂ ಬರೆಯದಿದ್ದರೂ ರೇಶಿಯೋ ಮಾಡಿ ಕಳಿಸುತ್ತೇವೆ. ಅದಕ್ಕೆ ಬೆಳಗಿನದೇ ಬೇಕು ಅಂತಿಲ್ಲ, ಯಾವ ಹೊತ್ತಿನದೂ ನಡೆಯುತ್ತದೆ. ಇದರಿಂದ ಉಲ್ಟಾ ಅನುಕೂಲವೂ ಆಗಿದೆ. ಏಪ್ರಿಲ್ ಮೇ ಬಿಸಿಲಿನಲ್ಲಿ, ಹೊಲದಿಂದ ಸೀದಾ ಬರುವ ಬಸುರಿಯರ ಮೂತ್ರ ಚಹಾ ಬಣ್ಣಕ್ಕೆ ತಿರುಗಿರುತ್ತದೆ, ಪಟ್ಟಿ 1+ ತೋರಿಸುತ್ತದೆ. ರೇಶಿಯೋ ಮಾಡಿದರೆ ಎಷ್ಟೋ ಸಲ 0.1. ನೀರು ಕುಡಿದಿಲ್ಲ, ಅಷ್ಟೇ. ಅವರನ್ನು ಸುಮ್ನೆ ಹೆದರಿಸಿ ಜಿಲ್ಲಾ ಕೇಂದ್ರಕ್ಕೆ ಓಡಿಸುವುದು ತಪ್ಪಿದೆ.

ಹನ್ನೆರಡನೇ ವಾರ ಆಕೆ ಬಂದಳು. ಮಗು ಕುಂಚಿಗೆಯೊಳಗೆ ನಿದ್ದೆ, ಮೂರೂವರೆ ಕೆಜಿ ದಾಟಿದೆ. ನಾನು ಕೇಳುವ ಮೊದಲೇ ಸೆರಗಿನ ಒಳಗಿನಿಂದ ಬಾಟಲಿ ತೆಗೆದು ಮೇಜಿನ ಮೇಲೆ ಇಟ್ಟಳು. “ಎದ್ದ ಕೂಡ್ಲೇ ಹಿಡಿದೇನ್ರೀ ಅಕ್ಕಾರ, ಒಂದು ಗುಟುಕು ನೀರೂ ಕುಡಿದಿಲ್ಲ.” ರೇಶಿಯೋ 0.12, ಬಿಪಿ 118/76. ಮುಂದಿನ ಸಲ ಬಸುರಿಯಾದರೆ ಗುಳೆ ಹೋದ ಊರಲ್ಲೇ ಆಗಲಿ, ಮೂರನೇ ತಿಂಗಳೊಳಗೆ ಡಾಕ್ಟರಿಗೆ ಈ ಕಾರ್ಡ್ ತೋರಿಸಬೇಕು; ನಂಜು ಮತ್ತೆ ಬರದಂತೆ ಕಡಿಮೆ ಡೋಸಿನ ಆಸ್ಪಿರಿನ್ ಶುರುಮಾಡುವುದು 16 ವಾರದೊಳಗೇ. ಮೇಡಂ ಅದನ್ನು ತಾಯಿ ಕಾರ್ಡಿನ ಮೇಲೆ ಕೆಂಪು ಪೆನ್ನಿನಲ್ಲಿ ಬರೆದು ಸಹಿ ಹಾಕಿದರು. ಅದರ ಕೆಳಗೆ ಇನ್ನೊಂದು ಸಾಲು ಬರೆಸಿಕೊಂಡೆ, ಮಗುವಿಗೆ: ‘33 ವಾರ, 1.42 ಕೆಜಿ, ತಾಯಿಗೆ ನಂಜು. ಮುಂದೆ ಆಗಾಗ ಬಿಪಿ ನೋಡಿ.’